ಅಕ್ಕ ಕೂತೇ ಬಂದಳು

ಬಿಸಿನೀರು ಸಿಕ್ಕಿದ ದಿನವೇ ಅಕ್ಕನಿಗೆ ಲಿಂಗ ಕಳೆದಿರುವುದು ಗೊತ್ತಾಯಿತು.

ಕೈಲಾಸ ಪರ್ವತವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಗಡಿಗೆ ಬಂದು, ಸೇತುವೆ ದಾಟಿ ನೇಪಾಳದ ಕಡೆಯ ಒಂದು ಸಣ್ಣ ಊರಿನಲ್ಲಿ ಇಳಿದುಕೊಂಡಿದ್ದೆವು. ಅಕ್ಕನಿಗೆ ಸ್ನಾನಕ್ಕೆ ಬಕೆಟ್ಟು ತುಂಬಿಸಿಕೊಟ್ಟು ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನಿಂದ ನೀರು ಹಾಕಿಕೊಳ್ಳುವ ಸದ್ದೇ ಬರಲಿಲ್ಲ.

'ಅಕ್ಕಾ, ನೀರು ಆರೋಯ್ತದೆ ಕಣಕ್ಕ.'

ಬಾಗಿಲು ತೆರೆಯಿತು. ಕೊರಳಿಗೆ ಕಟ್ಟಿದ್ದ ಲಿಂಗದ ವಸ್ತ್ರವನ್ನು ಅಕ್ಕ ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತಿದ್ದಳು. ಅದರ ಗಂಟು ಬಿಚ್ಚಿಕೊಂಡು, ಬಟ್ಟೆ ಒಣಗಿದ ಎಲೆಯ ಹಾಗೆ ಚಪ್ಪಟೆಯಾಗಿತ್ತು.

'ಇಲ್ಲ ಕಣಮ್ಮಿ' ಎಂದಳು. ಅಷ್ಟೇ.

ಮಕ್ಕಳೇ, ಅಕ್ಕ ಎಂದರೆ ನಿಮ್ಮ ದೊಡ್ಡಜ್ಜಿ, ನನ್ನ ಓರಗಿತ್ತಿ. ಉಡಿಗಾಲ ಅವಳ ತವರೂರು. ನನಗಿಂತ ಮೊದಲೇ ಭೀಮನಬೀಡಿನ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಬೆಳ್ಳುಳ್ಳಿ ಹೊಲದಲ್ಲಿ ಕಳೆ ಕೀಳುವಾಗಲೂ, ಬೇಗೂರಿನಲ್ಲಿ ಬಸ್ಸು ಹತ್ತುವಾಗಲೂ ನಾನು ಅವಳ ಹಿಂದೆ ಹೋಗುತ್ತಿದ್ದೆ. ಅಂಗಡಿಯವನ ಜೊತೆ, ಡಾಕ್ಟರ ಜೊತೆ, ಪಂಚಾಯಿತಿಯವರ ಜೊತೆ ನನ್ನ ಪರವಾಗಿ ಮಾತನಾಡುತ್ತಿದ್ದವಳು ಅವಳೇ. ನಮ್ಮಿಬ್ಬರ ಗಂಡಂದಿರೂ ಹೋದ ಮೇಲೆ ಕೈಲಾಸಕ್ಕೆ ಹೋಗಬೇಕೆಂದು ಹಟ ಹಿಡಿದವಳೂ ಅವಳೇ. ಕುದುರೆ ಹತ್ತುವವರು ಹತ್ತಲಿ, ನಾವು ನಡೆಯೋಣ ಎಂದಳು. ನಡೆದೆವು. ಉಸಿರು ಸಿಕ್ಕದ ಆ ಏರು ದಾರಿಯನ್ನು ಅವಳು ನನಗಿಂತ ಮುಂದೆ ಹತ್ತಿದಳು.

ಲಿಂಗ ಕಳೆದದ್ದು ಹೀಗೆ. ಅಕ್ಕ ಊರಿನಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು ಕೊರಳಲ್ಲಿ ಧರಿಸುತ್ತಿದ್ದಳು. ಪರ್ವತದ ಬುಡದಲ್ಲಿ ಆ ಬೆಳ್ಳಿ ಎದೆಗೆ ತಗುಲಿದರೆ ಬರೆ ಎಳೆದಂತಾಗುತ್ತಿತ್ತು, ಅಂಥ ಚಳಿ. ಅದಕ್ಕೇ ಕರಡಿಗೆಯನ್ನು ಚೀಲಕ್ಕೆ ಹಾಕಿ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ನಡಿಗೆಯ ಕೊನೆಯ ಬೆಳಿಗ್ಗೆ ಡೇರೆಯೊಳಗೆ ಅಂಗೈಯಲ್ಲಿಟ್ಟು ಪೂಜೆ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಮರಗಟ್ಟಿದ ಬೆರಳುಗಳಲ್ಲಿ ಗಂಟು ಹಾಕಿದಳು. ಬಸ್ಸಿನ ದಾರಿಯಲ್ಲಿ ಕೈ ತೊಳೆಯಲು ನೀರಿರಲಿಲ್ಲ. ಜರ್ಕಿನ್ ಮೇಲಿಂದಲೇ ಎದೆ ಮುಟ್ಟಿ ಕಣ್ಣಿಗೊತ್ತಿಕೊಂಡು ಊಟ ಮಾಡುತ್ತಿದ್ದಳು. ಆ ಹೊತ್ತಿಗೆ ಒಳಗೆ ಲಿಂಗ ಇತ್ತೋ ಇಲ್ಲವೋ ಶಿವನಿಗೇ ಗೊತ್ತು.

ನೀವು ಲಿಂಗವನ್ನು ದೇವರ ಗೂಡಿನಲ್ಲಿಟ್ಟು ಶಾಲೆಗೆ ಹೋಗುತ್ತೀರಿ. ಅದಕ್ಕೆ ನಾನು ಯಾವತ್ತೂ ಬೈದಿಲ್ಲ. ಆದರೆ ಅಕ್ಕನ ಲೆಕ್ಕ ಬೇರೆ ಇತ್ತು. ಹುಟ್ಟಿದ ಮಗುವಿಗೆ ಮಠದ ಬುದ್ಧಿಯವರು ಕಟ್ಟಿದ ಲಿಂಗ ಸತ್ತ ಮೇಲೂ ಮೈಬಿಟ್ಟು ಹೋಗಬಾರದು. ನಮ್ಮಲ್ಲಿ ಸುಡುವುದಿಲ್ಲ. ಗುಂಡಿಯಲ್ಲಿ ಕೂರಿಸಿ, ಎಡಗೈಯಲ್ಲಿ ಆ ಲಿಂಗವನ್ನಿಟ್ಟು ಮಣ್ಣು ಮಾಡುತ್ತಾರೆ. ಬದುಕಿರುವಾಗ ಲಿಂಗಕ್ಕೆ ತೋರಿಸದ ಅನ್ನ ಅನ್ನವಲ್ಲ. ಲಿಂಗ ಕಳೆದುಕೊಂಡವರು ಗುರುವಿನ ಕೈಯಿಂದ ಮತ್ತೊಂದನ್ನು ಪಡೆಯುವವರೆಗೆ ಉಣ್ಣಬಾರದು. ಇದು ಅವಳ ತಾಯಿ ಹೇಳಿದ್ದು, ತಾಯಿಗೆ ಅವಳ ತಾಯಿ ಹೇಳಿದ್ದು.

ಬಟ್ಟೆಬರೆಯನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆವು. ಕಾಲುಚೀಲವನ್ನೂ ತಿರುವಿ ಹಾಕಿದೆವು. ಬಸ್ಸಿನಲ್ಲಿ ಬಿದ್ದಿರಬಹುದೆಂದರೆ ಆ ಬಸ್ಸು ಸೇತುವೆಯ ಆಚೆಯದು. ಯಾತ್ರೆ ಕರೆದುಕೊಂಡು ಬಂದಿದ್ದ ಮ್ಯಾನೇಜರ್ ಕೈಮುಗಿದ. 'ಅಮ್ಮ, ನಮ್ಮೆಲ್ರ ಪರ್ಮಿಟ್ಟೂ ಒಂದೇ ಕಾಗದದಲ್ಲಿದೆ. ಎಲ್ರೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದಾಯ್ತು. ಇನ್ನು ಒಬ್ರನ್ನ ವಾಪಸ್ ಬಿಡಲ್ಲ. ಕಠ್ಮಂಡುಗೆ ಹೋಗೋಣ, ಅಲ್ಲಿ ಅಂಗಡಿ ತುಂಬಾ ಲಿಂಗ ಇದಾವೆ. ಒಳ್ಳೇದು ನೋಡಿ ಕೊಡಿಸ್ತೀನಿ.'

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. 'ಗಂಡ ಸತ್ತೋದ್ರೆ ನಿಮ್ಕಡೆ ಅಂಗ್ಡೀಲಿ ತಕೊಬತ್ತಾರೇನಪ್ಪ?'

ಸುತ್ತ ನಿಂತವರು ನಕ್ಕರು. ಚಾಮರಾಜನಗರದಿಂದ ನಮ್ಮ ಜೊತೆ ಬಂದಿದ್ದ ರಿಟೈರ್ಡ್ ಮೇಷ್ಟ್ರು ಮಾತ್ರ ನಗಲಿಲ್ಲ. ಅವರೂ ನಮ್ಮವರೇ. ಹೆಂಡತಿ ತೀರಿಕೊಂಡಿದ್ದರು, ಮಂಡಿ ನೋವು ಇತ್ತು, ದಾರಿಯುದ್ದಕ್ಕೂ ನಗಿಸಿಕೊಂಡು ಬಂದಿದ್ದರು. ಅಂದು ಅಕ್ಕನ ಪಕ್ಕ ಕೂತು ನಿಧಾನವಾಗಿ ಹೇಳಿದರು. 'ನೋಡಿ ತಾಯಿ, ಕಳೆದುಹೋಗಿದ್ದು ಕಲ್ಲು. ಭಕ್ತಿ ಕಳೆದುಹೋಗಿಲ್ವಲ್ಲ. ಊರಿಗೆ ಹೋಗಿ ಕಟ್ಟಿಸ್ಕೊಂಡ್ರಾಯ್ತು. ಅಲ್ಲಿತಂಕ ಒಂದ್ಹೊತ್ತಾದ್ರೂ ಊಟ ಮಾಡಿ.'

'ನಿಮ್ದೆಲ್ಲದೆ ಮೇಷ್ಟ್ರೇ?'

ಅವರ ಕೊರಳಲ್ಲಿ ಲಿಂಗ ಇರಲಿಲ್ಲ, ಮನೆಯಲ್ಲಿತ್ತು.

'ಮನೇಲದೆ ತಾನೆ? ನಂದು ಮನೇಲೂ ಇಲ್ಲ. ಅದುಕ್ಕೇ ಏಳ್ತಾ ಇವ್ನಿ.'

ಅಂದಿನಿಂದ ಅಕ್ಕ ಊಟ ಬಿಟ್ಟಳು. ನೀರಾದರೂ ಕುಡಿ ಎಂದು ನಾನು ಅತ್ತೆ. ಅದಕ್ಕೆ ಅವಳೇ ಒಂದು ದಾರಿ ಕಂಡುಕೊಂಡಳು. 'ದನ ಎಮ್ಮೆ ಅಳ್ಳದಲ್ಲಿ ಕುಡಿಯಕಿಲ್ವಾ? ಈಗ ನಾನೂ ಅಂಗೇ' ಎಂದು ನಲ್ಲಿಗೆ ಬಾಯಿಟ್ಟು ಕುಡಿದಳು. ಲೋಟ ಕೊಟ್ಟರೆ ಮುಟ್ಟಲಿಲ್ಲ.

ಬೇಗ ಊರು ಸೇರಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಮಳೆಗಾಲ. ಕಠ್ಮಂಡುವಿಗೆ ಹೊರಟ ಬಸ್ಸು ನಡುದಾರಿಯಲ್ಲಿ ನಿಂತಿತು. ಮುಂದೆ ಗುಡ್ಡವೇ ಜಾರಿ ರಸ್ತೆಯ ಮೇಲೆ ಕೂತಿತ್ತು. ಹಿಂದಕ್ಕೆ ಹೋಗೋಣವೆಂದರೆ ಅಲ್ಲಿಯೂ ಕಲ್ಲುಗಳು ಉರುಳಿದ್ದವು. ಕೆಳಗೆ ಕೆಸರು ಬಣ್ಣದ ನದಿ. ರಸ್ತೆ ಬದಿಯ ಒಂದು ತಗಡಿನ ಹೋಟೆಲಿನಲ್ಲಿ ನಾವೆಲ್ಲ ದಿನಗಟ್ಟಲೆ ಕಾದೆವು. ಬೆಳಿಗ್ಗೆ ಎದ್ದರೆ ಯಂತ್ರದ ಸದ್ದು ಕೇಳುತ್ತಿತ್ತು, ಮಧ್ಯಾಹ್ನ ಮಳೆ ಬಂದರೆ ನಿಲ್ಲುತ್ತಿತ್ತು.

ಅಲ್ಲಿ ದಾಲು ಅನ್ನ ಕೊಡುತ್ತಿದ್ದರು. ಅಕ್ಕನ ಕಣ್ಣೆದುರು ತಿನ್ನಲಾಗದೆ ನಾನು ತಟ್ಟೆ ಹಿಡಿದು ಬಸ್ಸಿನ ಹಿಂದೆ ಹೋಗುತ್ತಿದ್ದೆ. ನನ್ನ ಲಿಂಗ ನನ್ನ ಕೊರಳಲ್ಲೇ ಇತ್ತು. ಅದನ್ನು ಅಕ್ಕನಿಗೆ ಕೊಡುವಂತಿರಲಿಲ್ಲ. ಒಬ್ಬರ ಲಿಂಗ ಒಬ್ಬರಿಗೆ ಆಗುವುದಿಲ್ಲ. ಒಮ್ಮೆ ತಿಂದು ಬಂದಾಗ ಅಕ್ಕ ಹೇಳಿದಳು, 'ಬಾಯೊರ್ಸ್ಕಮ್ಮಿ, ಅರ್ಸಿನ ಅಂಟದೆ. ನಮ್ಮವ್ವ ಕಳ್ಳ ಬೆಕ್ಕು ಅಂತಿದ್ಲು ನಿನ್ನಂಥೋರ್ನ.' ನನಗೂ ನಗು ಬಂತು.

ರಸ್ತೆ ಬಿಡಿಸುವವರ ಜೊತೆ ಒಬ್ಬ ಡಾಕ್ಟರ್ ಬಂದಿದ್ದರು. ಅಕ್ಕನ ನಾಲಿಗೆ ನೋಡಿ, ಕೈಗೆ ಗ್ಲೂಕೋಸ್ ಹಾಕಬೇಕೆಂದರು. ಮೇಷ್ಟ್ರು ಹಿಂದಿಯಿಂದ ಕನ್ನಡಕ್ಕೆ ಹೇಳಿದರು. 'ಇದು ಊಟ ಅಲ್ಲ ತಾಯಿ, ಔಷಧಿ. ಬಾಯಿಗೆ ಹಾಕಲ್ಲ, ನರಕ್ಕೆ ಹಾಕೋದು.'

'ನರದಲ್ಲಿ ಉಣ್ಸುದ್ರೂ ಉಂಡಂಗೇ ತಾನೆ? ಒಟ್ಟೆಗೆ ಗೊತ್ತಾಗ್ದಂಗೆ ಕಳ್ತನ ಮಾಡಿ ಅಂತೀರಾ?'

ಡಾಕ್ಟರಿಗೆ ಮೇಷ್ಟ್ರು ಇದನ್ನು ಹೇಗೆ ಹೇಳಿದರೋ ತಿಳಿಯದು. ಅವರು ತಲೆ ಅಲ್ಲಾಡಿಸಿ ಹೋದರು.

ಆ ಸಂಜೆ ಅಕ್ಕ ತಗಡಿಗೆ ಒರಗಿ ಕೂತು ನದಿಯ ಆಚೆ ದಡವನ್ನೇ ನೋಡುತ್ತಿದ್ದಳು. ಅಲ್ಲಿ ಮಳೆಯ ನಡುವೆಯೇ ಯಾರನ್ನೋ ಸುಡುತ್ತಿದ್ದರು. ಬೆಂಕಿ ಹತ್ತದೆ ಹೊಗೆಯೇ ಹೆಚ್ಚಾಗಿತ್ತು.

'ಅಮ್ಮೀ, ನಾನಿಲ್ಲೇನಾರ ಸತ್ತೋದ್ರೆ ಅಂಗೇ ಮಾಡ್ಬುಡ್ತಾರೆ ಇವ್ರು.'

'ಸುಮ್ನಿರಕ್ಕ.'

'ಸುಮ್ನೇ ಇವ್ನಿ. ಸಾಯಕೆ ನಂಗೇನು ಎದ್ರಿಕೆ ಇಲ್ಲ. ಲಿಂಗ ಇಲ್ದೆ ಓಗ್ಬಾರ್ದು, ಬೂದಿಯಾಗಿ ಓಗ್ಬಾರ್ದು. ನಮ್ಮೊಲದಲ್ಲಿ ನಿಮ್ಮ ಬಾವನ ಪಕ್ಕ ಕೂರ್ಸ್ಬೇಕು. ಇಷ್ಟೇ ನಾನು ಕೇಳದು. ನೀನು ಏಳ್ಬೇಕು ಕಣಮ್ಮಿ. ನನ್ ಬಾಯಿ ಮುಚ್ಚೋದ್ಮೇಲೆ ಏಳಕೆ ಇನ್ಯಾರವ್ರೆ?'

ಇಬ್ಬರಲ್ಲಿ ಮಾತಾಡುವವಳು ಅವಳು. ಅಂಥ ಮಾತನ್ನು ಅವಳು ನನಗೆ ಒಪ್ಪಿಸಿದ್ದು ಆವತ್ತು.

ಮರುದಿನ ನಾನು ಮೇಷ್ಟ್ರ ಹತ್ತಿರ ಹೋಗಿ ನಿಂತೆ. 'ಊರತಂಕ ತಡೆಯಕಿಲ್ಲ ಮೇಷ್ಟ್ರೇ. ನಡೂಲೆಲ್ಲಾದ್ರೂ ನಮ್ಮೋರ ಮಟ ಅದಾ?' ಎಂದು ಕೇಳಿದೆ. ಅಷ್ಟು ದಿನದಲ್ಲಿ ನಾನಾಗಿ ಅವರ ಜೊತೆ ಆಡಿದ ಮೊದಲ ಮಾತು ಅದು. ಅವರು ಸ್ವಲ್ಪ ಯೋಚಿಸಿ, ಕಾಶಿಯಲ್ಲಿ ಇದೆ, ಕನ್ನಡದ ಅಯ್ಯನವರೇ ಇರುತ್ತಾರೆ ಎಂದರು. ಆದರೆ ಅಕ್ಕ ಒಪ್ಪಲಿಲ್ಲ. ಕಟ್ಟಿದರೆ ತನ್ನ ಮಠದ ಬುದ್ಧಿಯವರೇ ಕಟ್ಟಬೇಕು, ಕಂಡವರ ಕೈಯಲ್ಲಿ ಕಟ್ಟಿಸಿಕೊಳ್ಳುವುದಿಲ್ಲ ಎಂದಳು.

ಆ ಹೋಟೆಲಿನ ಮೇಲಿನ ಗುಡ್ಡ ಹತ್ತಿದರೆ ಫೋನು ಸಿಗುತ್ತಿತ್ತು. ಮೇಷ್ಟ್ರ ಮೊಬೈಲಿನಲ್ಲಿ ಗುಂಡ್ಲುಪೇಟೆಗೆ ಫೋನು ಮಾಡಿಸಿದೆ. ಅಕ್ಕನ ಮಗ, ನಿಮ್ಮ ದೊಡ್ಡಪ್ಪ, ಕರೆಂಟಿನವರಲ್ಲಿ ಲೈನ್‌ಮನ್. ಕಂಬದ ಮೇಲಿದ್ದನಂತೆ. ಇಳಿದು ಬಂದು ವಿಷಯ ಕೇಳಿ ಮೊದಲು ನನ್ನ ಮೇಲೆ ರೇಗಿದ. 'ಚಿಕ್ಕವ್ವ, ಬಾಯ್ಗೆ ಒಂದು ತುತ್ತು ತುರ್ಕಕಾಗಲ್ವಾ ನಿನ್ಗೆ? ಒಳ್ಳೇ ಕಾಲ ಇದು!'

'ತುರ್ಕುದ್ರೆ ಉಗೀತಾಳೆ ಕಣಪ್ಪ. ನೀನು ಮಟಕ್ಕೋಗು. ಬುದ್ದಿಯೋರ್ ಕೈಗೆ ಫೋನು ಕೊಡು.'

ಅವನು ಬೈಕಿನಲ್ಲಿ ಮಠಕ್ಕೆ ಹೋದ. ಇತ್ತ ಇಬ್ಬರು ನೇಪಾಳಿಗಳ ಸಹಾಯದಿಂದ ಅಕ್ಕನನ್ನು ಗುಡ್ಡಕ್ಕೆ ಹತ್ತಿಸಿದೆವು. ಫೋನು ಬಂದಾಗ ಬುದ್ಧಿಯವರ ಜೊತೆ ಮೊದಲು ನಾನೇ ಮಾತಾಡಬೇಕಾಯಿತು. ಅವರೆದುರು ನಾನು ಯಾವತ್ತೂ ಪಾದ ಮುಟ್ಟಿ ಹಿಂದೆ ಸರಿದವಳೇ ಹೊರತು ಬಾಯಿ ಬಿಟ್ಟವಳಲ್ಲ. ಹೇಗೆ ಹೇಳಿದೆನೋ, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, 'ಅವಳ ಕಿವಿಗೆ ಇಡವ್ವ' ಎಂದರು.

ಮೇಷ್ಟ್ರು ಸ್ಪೀಕರ್ ಹಾಕಿ ಬುದ್ಧಿಯವರ ಮಾತು ಎಲ್ಲರಿಗೂ ಕೇಳುವಂತೆ ಮಾಡಿದರು. 'ಕಾಶೀಲಿ ಕಟ್ಟೋ ಕೈಯೂ ನಮ್ಮದೇ ಕಣವ್ವ. ಅಲ್ಲಿ ಕಟ್ಟಿಸ್ಕೊ, ಇಲ್ಲಿಗೆ ಬಾ, ನಾನು ಮತ್ತೆ ಮುಟ್ಟಿ ಕೊಡ್ತೀನಿ. ಇದು ನನ್ನ ಮಾತು. ಮೀರಬೇಡ.'

'ಊ ಬುದ್ದಿ' ಎಂದಳು ಅಕ್ಕ. ಫೋನು ಕಟ್ಟಾದ ಮೇಲೆಯೂ ಅದರ ಕಡೆಗೆ ಕೈಮುಗಿದುಕೊಂಡೇ ಇದ್ದಳು.

ರಸ್ತೆ ಇನ್ನೂ ಬಿಟ್ಟಿರಲಿಲ್ಲ. ಆದರೆ ಜಾರಿದ ಗುಡ್ಡದ ಮೇಲೆ ನಡೆದು ದಾಟುವಷ್ಟು ದಾರಿಯಾಗಿತ್ತು, ಆಚೆ ಬೇರೆ ಬಸ್ಸುಗಳು ಬಂದು ನಿಂತಿದ್ದವು. ಅಕ್ಕನ ಕಾಲು ನಿಲ್ಲುತ್ತಿರಲಿಲ್ಲ. ಒಬ್ಬ ನೇಪಾಳಿ ಬಿದಿರಿನ ದೊಡ್ಡ ಬುಟ್ಟಿ ತಂದು, ಅದರಲ್ಲಿ ಅವಳನ್ನು ಹಿಂದುಮುಂದಾಗಿ ಕೂರಿಸಿ, ಪಟ್ಟಿಯನ್ನು ತನ್ನ ಹಣೆಗೆ ಕೊಟ್ಟು ಎದ್ದು ನಿಂತ. ಅಕ್ಕನ ಮುಖ ನನ್ನ ಕಡೆಗಿತ್ತು. ಅವನು ಕೆಸರಿನಲ್ಲಿ ಜಾರಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು.

'ತೆರಕಣಾಂಬಿ ಸಂತೆಗೆ ಕೋಳಿ ಒತ್ಕೊಂಡೋದಂಗಾಯ್ತು' ಎಂದಳು. 'ಕೊಂಡ್ಕೊಳೋರು ಯಾರೂ ಇಲ್ಲ, ಮೂಳೆ ಚಕ್ಕಳ.'

ಕಠ್ಮಂಡುವಿನಿಂದ ಉಳಿದವರೆಲ್ಲ ವಿಮಾನದಲ್ಲಿ ಹೊರಟರು. ನಾವು ಕಾಶಿಯ ದಾರಿ ಹಿಡಿದೆವು. ಮೇಷ್ಟ್ರು ತಾವೂ ಬರುತ್ತೇನೆಂದು ನಿಂತರು. ನಾನು ಕೇಳಿಕೊಂಡಿರಲಿಲ್ಲ. ಬಸ್ಸು, ಗಡಿ, ಮತ್ತೊಂದು ಬಸ್ಸು, ರೈಲು. ಅಕ್ಕ ಎಲ್ಲ ಕಡೆಯೂ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಾಯಿಗೆ ಒದ್ದೆ ಬಟ್ಟೆ ಒತ್ತಿದರೆ ಹೀರಿಕೊಳ್ಳುತ್ತಿದ್ದಳು. ಅವಳ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬರತೊಡಗಿತ್ತು.

ಕಾಶಿಯ ಮಠದ ಬಾಗಿಲಲ್ಲಿ ಇಳಿದಾಗ ಬೆಳಿಗ್ಗೆ. ಬಿಜಾಪುರದ ಕಡೆಯ ಒಬ್ಬ ಅಯ್ಯನವರು ಹೊರಗೆ ಬಂದರು. ನಾನು ಎಲ್ಲ ಹೇಳಲು ಬಾಯಿ ತೆರೆಯುವುದರೊಳಗೆ ಅವರೇ ಕೇಳಿದರು. 'ಲಿಂಗ ಹೋತೇನವ್ವ? ಗಂಗಾದಾಗ?'

'ಕೈಲಾಸದಲ್ಲಿ' ಎಂದೆ.

'ಗಂಗಾದಾಗ ಮುಳುಗಿದವ್ರದು ಜಾರಿ ಹೋಗ್ತಾವ, ಅಳಕೋತ ಬರ್ತಾರ. ಕೈಲಾಸದಾಗ ಕಳಕೊಂಡವರು ನೀವೇ ಮೊದಲಿಗರು. ಒಳ್ಳೇದಾತು ಬಿಡವ್ವ, ಅಂವ ಅಲ್ಲೇ ಉಳದಾನ. ಒಳಗ ಬರ್ರಿ.'

ಅಕ್ಕನಿಗೆ ಸ್ನಾನ ಮಾಡಿಸಿ ವಿಭೂತಿ ಹಚ್ಚಿ ಕೂರಿಸಿದೆ. ಬೆನ್ನಿಗೆ ನಾನು ಆನಿಕೊಂಡಿದ್ದೆ. ಅಯ್ಯನವರು ಮಂತ್ರ ಹೇಳಿ ಹೊಸ ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟರು. ಅದರ ಭಾರಕ್ಕೇ ಕೈ ಬಾಗಿತು. ಕೆಳಗಿನಿಂದ ನನ್ನ ಕೈ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಮುಖದಲ್ಲಿ ಸಂತೋಷ ಬರುತ್ತದೆಂದು ನಾನು ಕಾದೆ. ಬರಲಿಲ್ಲ. 'ಇದು ಯಾರೋ ಏನೋ' ಎಂದಳು, ಮನೆಗೆ ಬಂದ ಅಪರಿಚಿತರನ್ನು ನೋಡಿ ಹೇಳುವಂತೆ. ಆದರೂ ತೀರ್ಥ ಕುಡಿದಳು. ಮಠದವರು ಮಾಡಿಕೊಟ್ಟ ತಿಳಿ ಗಂಜಿಯನ್ನು ಲಿಂಗಕ್ಕೆ ತೋರಿಸಿ ಎರಡು ಚಮಚ ನುಂಗಿದಳು. ಸ್ವಲ್ಪ ಹೊತ್ತಿಗೆ ಅದು ಹೊರಗೆ ಬಂತು. ಮತ್ತೆ ಕೊಟ್ಟೆ. ಮತ್ತೆ ಬಂತು.

ಮಠದವರು ಕರೆಸಿದ ಡಾಕ್ಟರ್, ಆಸ್ಪತ್ರೆಗೆ ಸೇರಿಸಿ, ಮೈ ತುಂಬಾ ಸೋತಿದೆ ಎಂದರು. ಈಗ ಅಕ್ಕ ಗ್ಲೂಕೋಸಿಗೆ ಕೈ ಕೊಟ್ಟಳು. ಆದರೆ ಆಸ್ಪತ್ರೆ ಎಂದರೆ ತಲೆ ಅಲ್ಲಾಡಿಸಿದಳು. ಕಾಶಿಯಲ್ಲಿ ಸತ್ತರೆ ಮೋಕ್ಷ ಎಂದು ಜನ ಸಾಯಲೆಂದೇ ಬರುತ್ತಾರೆ ತಾಯಿ, ನೀವು ಓಡಿಹೋಗುತ್ತೀರಿ ಎಂದು ಮೇಷ್ಟ್ರು ನಗಿಸಲು ನೋಡಿದರು.

'ಬೆಂಕಿ ಇಕ್ತಾರಲ್ಲ ಮೇಷ್ಟ್ರೇ. ಮೋಕ್ಸಕ್ಕೆ ಬೆಂಕಿ ಯಾಕೆ? ಒಂದರ್ಧ ದಾರಿ ಆಯ್ತು. ಇನ್ನರ್ಧ ಮಾಡ್ಸಿ.'

ನಿಮ್ಮ ದೊಡ್ಡಪ್ಪ ಫೋನಿನಲ್ಲಿ, ಸೇರಿಸು ಚಿಕ್ಕವ್ವ, ನಾನೇ ಬರುತ್ತೇನೆ ಎಂದ. ಬರುವುದಕ್ಕೆ ಎರಡು ದಿನ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. 'ಕರ್ಕೊಬತ್ತೀನಿ ಕಣಪ್ಪ, ನೀನು ಮೈಸೂರು ಸ್ಟೇಷನ್ನಿಗೆ ಬಾ' ಎಂದು ನಾನು ಹೇಳಿದೆ.

ರೈಲು ಹತ್ತಿದ ಮೇಲೆ ಅಕ್ಕ ಸ್ವಲ್ಪ ಚೇತರಿಸಿಕೊಂಡಂತೆ ಕಂಡಳು. ಗ್ಲೂಕೋಸು ನೀರು ಒಂದೊಂದು ಗುಟುಕು ಉಳಿಯುತ್ತಿತ್ತು. ಕಿಟಕಿಯ ಆಚೆ ನೋಡಿ, ಇಲ್ಲಿಯವರಿಗೆ ಕಳೆ ಕೀಳಲು ಬರುವುದಿಲ್ಲ ಎಂದು ಆಕ್ಷೇಪಣೆ ತೆಗೆದಳು. ನಾನು ಬದುಕಿದಳು ಎಂದುಕೊಂಡೆ. ಎರಡನೆಯ ಬೆಳಿಗ್ಗೆ ಸ್ಟೇಷನ್ನಿನ ಬೋರ್ಡುಗಳಲ್ಲಿ ಕನ್ನಡ ಕಾಣಿಸಿತು. ಟೀ ಮಾರುವವನು ಕೂಗುತ್ತಾ ಹೋದ. 'ಇವ್ನ ಬಾಯ್ಗೆ ಬೀಗ ಆಕ' ಎಂದು ಅಕ್ಕ ಪಕ್ಕಕ್ಕೆ ಹೊರಳಿದಳು. ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಬಾಚಿ ಗಂಟು ಹಾಕಿ ತಿರುಗಿ ನೋಡಿದಾಗ ಅವಳ ಬಾಯಿ ಸ್ವಲ್ಪ ತೆರೆದಿತ್ತು. ಎದೆಯ ಮೇಲೆ ಕೈಯಿಟ್ಟೆ. ಲಿಂಗ ಕೈಗೆ ಸಿಕ್ಕಿತು. ಅದರ ಕೆಳಗೆ ಏನೂ ಅಲ್ಲಾಡುತ್ತಿರಲಿಲ್ಲ.

ಅಳಲು ನನಗೆ ಹೊತ್ತು ಇರಲಿಲ್ಲ. ನಮ್ಮಲ್ಲಿ ಯಾರಾದರೂ ಹೋದರೆ ಮೊದಲು ಮಾಡುವ ಕೆಲಸ ಕಾಲು ಮಡಿಸಿ ಕೂರಿಸುವುದು. ಮೈ ಸೆಟೆದುಕೊಂಡರೆ ಆಮೇಲೆ ಮಡಿಸಲು ಆಗುವುದಿಲ್ಲ. ಮೂಳೆ ಮುರಿಯಬೇಕಾಗುತ್ತದೆ. ನಮ್ಮ ಅತ್ತೆ ಹೋದಾಗ ಅಕ್ಕನೇ ಇದನ್ನು ನನಗೆ ತೋರಿಸಿಕೊಟ್ಟಿದ್ದಳು. ನಾನು ಅವಳನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕಿಟಕಿಯ ಮೂಲೆಗೆ ಒರಗಿಸಿ, ಒಂದೊಂದೇ ಕಾಲನ್ನು ಚಕ್ಕಳಮಕ್ಕಳ ಹಾಕಿಸಿದೆ. ಟವೆಲನ್ನು ಎದೆಗೆ ಸುತ್ತಿ ಕಿಟಕಿಯ ಕಂಬಿಗೆ ಕಟ್ಟಿದೆ. ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟು, ಕೊರಳ ಲಿಂಗವನ್ನು ಬಿಚ್ಚಿ ಅದರಲ್ಲಿಟ್ಟೆ. ಮೇಲೆ ಶಾಲು ಹೊದಿಸಿ, ಮಂಕಿ ಟೋಪಿಯನ್ನು ಹಣೆಯವರೆಗೆ ಎಳೆದೆ.

ಮೇಷ್ಟ್ರು ಮುಖ ತೊಳೆದು ಬಂದು ನಿಂತರು. ನೋಡಿದ ಕೂಡಲೇ ತಿಳಿದುಕೊಂಡರು. ಎದುರಿಗೆ ಕೂತು ತಗ್ಗಿದ ದನಿಯಲ್ಲಿ, 'ಹೇಳ್ಬೇಕು ತಾಯಿ. ರೈಲಿನವರಿಗೆ ತಿಳಿಸ್ಬೇಕು. ಕಾನೂನು ಅದು' ಎಂದರು.

'ಏಳುದ್ರೆ ಏನ್ಮಾಡ್ತಾರೆ?'

'ಮುಂದಿನ ಸ್ಟೇಷನ್ನಲ್ಲಿ ಇಳಿಸ್ತಾರೆ. ಪೊಲೀಸ್ರು, ಆಸ್ಪತ್ರೆ. ಕುಯ್ದು ನೋಡ್ಬೋದು. ಕಾಗದಪತ್ರ ಆದ್ಮೇಲೆ ಕೊಡ್ತಾರೆ.'

'ಮಲಗ್ಸೇ ಇಕ್ತಾರಾ?'

'ಏನು?'

'ಕಾಲು ನೀಟ್ಸಿ ಮಲಗ್ಸೇ ಇಕ್ತಾರಾ ಅಂತ.'

ಅವರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಎದ್ದು, ಅಕ್ಕನಿಗೂ ನಡೆದಾಡುವ ದಾರಿಗೂ ನಡುವೆ ಕೂತು, ಹಳೆಯ ಪೇಪರೊಂದನ್ನು ಅಗಲವಾಗಿ ಬಿಚ್ಚಿ ಹಿಡಿದುಕೊಂಡರು. ಅವರಿಗೂ ಅಕ್ಕನಿಗೂ ನಡುವೆ ನಾನು ಕೂತೆ. ಅವಳ ತಲೆ ನನ್ನ ಹೆಗಲಿಗೆ ಬಂತು. ಹಾಗೇ ಬಿಟ್ಟುಕೊಂಡೆ.

ಟಿಕೆಟ್ ನೋಡುವವನು ಬಂದಾಗ ಮೇಷ್ಟ್ರು ಪೇಪರಿನಿಂದ ಮುಖ ಎತ್ತದೆ ಟಿಕೆಟ್ಟು ಚಾಚಿದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. 'ಇವ್ರದು?' ಎಂದು ಅವನು ಅಕ್ಕನ ಕಡೆ ಬಾಗಿದ.

'ಏಳಿಸ್ಬೇಡಿ ಸ್ವಾಮಿ' ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. 'ಕೈಲಾಸ ಸುತ್ಕೊಂಡು ಬಂದವ್ರೆ. ಈಗ ತಾನೆ ನಿದ್ದೆ ಅತ್ತದೆ.'

ಅವನು ಹೋದ.

ಹಿಂದೂಪುರದ ಹತ್ತಿರ ಒಬ್ಬ ಹೆಂಗಸು ಸೊಂಟದಲ್ಲಿ ಮಗು ಇಟ್ಟುಕೊಂಡು ಬಂದು ಎದುರಿಗೆ ಕೂತಳು. ಕೈಲಾಸದ ಮಾತು ಅವಳಿಗೆ ಯಾರಿಂದಲೋ ತಿಳಿದಿತ್ತು. 'ಅಂಥ ದೇವರನ್ನ ನೋಡಿ ಬಂದ ಕಾಲು' ಎನ್ನುತ್ತಾ ಬಗ್ಗಿ, ಶಾಲಿನ ಕೆಳಗೆ ಕಾಣುತ್ತಿದ್ದ ಅಕ್ಕನ ಹೆಬ್ಬೆರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಗುವಿನ ಕೈಯನ್ನೂ ಮುಟ್ಟಿಸಲು ಹೋದವಳು ಅರ್ಧದಲ್ಲೇ ನಿಲ್ಲಿಸಿದಳು. ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಲಿಲ್ಲ. ಅವಳು ಮೆಲ್ಲಗೆ ಶಾಲನ್ನು ಎಳೆದು ಬೆರಳು ಮುಚ್ಚಿದಳು. 'ಕಾಲು ತಣ್ಣಗಾಗಿದೆ, ಹೊದಿಸಮ್ಮ' ಎಂದಳು. ಬೆಂಗಳೂರು ಬರುವವರೆಗೂ ಮಗುವನ್ನು ಅಲ್ಲಾಡದಂತೆ ಅಪ್ಪಿಕೊಂಡು, ಜಾಗ ಬದಲಾಯಿಸದೆ, ನಮ್ಮ ಎದುರಿಗೇ ಕೂತಿದ್ದಳು.

ಬೆಂಗಳೂರು ಬಿಟ್ಟ ಮೇಲೆ ನಿಮ್ಮ ದೊಡ್ಡಪ್ಪನಿಗೆ ಫೋನು ಮಾಡಿದೆ.

'ಚಿಕ್ಕವ್ವ, ಅವ್ವ ಏನಾರ ಉಂಡ್ಲಾ?'

'ಬುದ್ದಿಯೋರ್ಗೆ ಏಳ್ಬುಡಪ್ಪ. ಒಲಕ್ಕೆ ನಾಕಾಳು ಕಳ್ಸು.'

'ಲಿಂಗ?' ಎಂದ.

'ಅದೆ ಕಣಪ್ಪ, ಕೈಯಲ್ಲೇ ಅದೆ.'

ಮೈಸೂರಿನಲ್ಲಿ ಹೊತ್ತು ಇಳಿಯುತ್ತಿತ್ತು. ಅವನು ಗಾಲಿ ಕುರ್ಚಿ ತಳ್ಳಿಕೊಂಡು ಬೋಗಿಯ ಬಾಗಿಲಿಗೇ ಬಂದ. ಮಡಿಸಿದ ಕಾಲಿನಲ್ಲೇ ಅವ್ವನನ್ನು ಎತ್ತಿ ಕುರ್ಚಿಯಲ್ಲಿಟ್ಟ. ಮಗುವನ್ನು ಎತ್ತುವಷ್ಟೇ ಸುಲಭವಾಗಿ ಎತ್ತಿದ, ಅದೇ ಅವನಿಗೆ ತಡೆಯಲಾಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಹುಷಾರಿಲ್ಲದ ಮುದುಕಿ ಎಂದು. ಮೇಷ್ಟ್ರು ಸ್ಟೇಷನ್ನಿನ ಹೊರಗೆ ಅಕ್ಕನ ಪಾದಕ್ಕೆ ಕೈಮುಗಿದು ಚಾಮರಾಜನಗರದ ಕಡೆ ಹೋದರು. ನಾವು ಕಾರಿನಲ್ಲಿ ನಂಜನಗೂಡು, ಬೇಗೂರು ದಾಟಿ ಮನೆಗೆ ಬಂದೆವು. ದಾರಿಯಲ್ಲಿ ಅವನು ಒಂದೇ ಮಾತು ಕೇಳಿದ. 'ನನ್ನ ಏನಾರ ಕೇಳುದ್ಲಾ?' ಅಕ್ಕ ಕೊನೆಗೆ ಆಡಿದ್ದು ಟೀ ಮಾರುವವನ ಮಾತು. ಅದನ್ನೇ ಹೇಳಿದೆ. ಅವನು ಸ್ಟೇರಿಂಗ್ ಹಿಡಿದುಕೊಂಡೇ ನಕ್ಕ, ಆಮೇಲೆ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಹೊಲದಲ್ಲಿ ಬಾವನವರ ಪಕ್ಕ ಗುಂಡಿ ತೋಡಿ, ಒಳಗಿನ ಗೋಡೆಯಲ್ಲಿ ಕೂರಿಸುವ ಗೂಡು ಕೊರೆದಿದ್ದರು. ಬುದ್ಧಿಯವರು ಬಂದು, ಮಾತು ಕೊಟ್ಟಂತೆ, ಕಾಶಿಯ ಲಿಂಗವನ್ನು ತಮ್ಮ ಕೈಗೆ ತೆಗೆದುಕೊಂಡು ಪೂಜೆ ಮಾಡಿ ಮತ್ತೆ ಅವಳ ಅಂಗೈಯಲ್ಲಿಟ್ಟರು. ಕಾಲು ಗೂಡಿಗೆ ಸರಿಯಾಗಿ ಕೂತಿತು. ಕೈ ಅಂಗಾತವೇ ಇತ್ತು. ಗುಂಡಿಯೊಳಗೆ ಇಳಿದಿದ್ದ ಹಿರಿಯರೊಬ್ಬರು ತಲೆಯನ್ನು ನೇರ ಮಾಡಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು.

'ಕತ್ತು ವಾರೆಯಾಗ್ಬುಟ್ಟದೆ ಬುದ್ದಿ. ಒಂದ್ಕಡೀಕೆ ಸೆಟ್ಕೊಂಡದೆ. ಒತ್ನಾ?'

ಅದು ವಾರೆಯಾಗಿದ್ದದ್ದು ನನ್ನ ಹೆಗಲಿದ್ದ ಕಡೆಗೆ. ಅಷ್ಟು ಹೊತ್ತು ಅವಳನ್ನು ಹಿಡಿದುಕೊಂಡು ಕೂತಿದ್ದೆ. ಕಾಲು ನೆನಪಿತ್ತು, ಕೈ ನೆನಪಿತ್ತು, ತಲೆ ನೆನಪಾಗಿರಲಿಲ್ಲ.

ಹೆಂಗಸರು ದೂರ ನಿಂತಿದ್ದರು. ನಾನು ಗುಂಡಿಯ ಅಂಚಿಗೆ ಹೋದೆ. 'ಒತ್ಬೇಡಿ' ಎಂದೆ. 'ಅಂಗೇ ಇರ್ಲಿ ಬುಡಿ.'

ಎಲ್ಲರೂ ನನ್ನ ಕಡೆ ನೋಡಿದರು. ಬುದ್ಧಿಯವರು ತಲೆಯಾಡಿಸಿದರು. ಹಿರಿಯರು ಕೈ ತೆಗೆದು ಮೇಲೆ ಹತ್ತಿ ಬಂದರು. ವಿಭೂತಿ ಹಾಕಿದರು, ಬಿಲ್ವಪತ್ರೆ ಹಾಕಿದರು, ಆಮೇಲೆ ಮಣ್ಣು.